ತುಮಕೂರಿನಿಂದ ಮಲ್ಪೆಗೆ, ಒಂದು ರಾತ್ರಿ ಕಡಲಲ್ಲಿ ಗಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲೆ, ಆರು ಜನ ಗೆಳೆಯರು ಮಲ್ಪೆಗೆ ಹೋಗಿ, ಬೋಟ್ ಬಾಡಿಗೆ ಹಿಡಿದು, ರಾತ್ರಿಯೆಲ್ಲ ಸಮುದ್ರದಲ್ಲಿ ಗಾಳ ಹಾಕಿ ಬರುತ್ತೇವೆ. ಬಂದ ಮೇಲೆ ಒಂದು ತಿಂಗಳು ಅಂಗಡಿಗೆ ಬಂದವರೆಲ್ಲ ಅದದೇ ಪ್ರಶ್ನೆ ಕೇಳುತ್ತಾರೆ. ಮೋಟಾರ್ ಬಿಚ್ಚಿಕೊಂಡು ಕೂತು ಎಲ್ಲರಿಗೂ ಉತ್ತರ ಹೇಳಿ ಸಾಕಾಗಿ, ಇಲ್ಲಿ ಬರೆದಿಟ್ಟಿದ್ದೇನೆ.

ನೀವು ಟೂರ್ ಮಾಡಿಸುವವರಾ?

ಅಲ್ಲ. ನಾವು ಬಾಡಿಗೆ ಕೊಟ್ಟು ಹೋಗುವವರು. ಖರ್ಚು ಎಷ್ಟಾಯಿತೋ ಅಷ್ಟನ್ನು ಆರು ಪಾಲು ಮಾಡುತ್ತೇವೆ. ಇದರಲ್ಲಿ ನನಗೆ ಉಳಿಯೋದು ಕೈಮೇಲಿನ ಗೀರುಗಳು ಮಾತ್ರ.

ನಮ್ಮ ಕೆರೆಗಳಲ್ಲೇ ಮೀನು ಇಲ್ವಾ? ಅಷ್ಟು ದೂರ ಯಾಕೆ?

ಇದೆ. ಮಾರ್ಕೋನಹಳ್ಳಿ, ಕುಣಿಗಲ್ ದೊಡ್ಡಕೆರೆ, ತೀತಾ, ಎಲ್ಲ ಕಡೆ ನಾವೂ ಕೂತವರೇ. ಜಿಲೇಬಿ, ಕಾಟ್ಲಾ ಹಿಡಿದು ಬೆಳೆದವರೇ. ಆದರೆ ಕೆರೆಯಲ್ಲಿ ಗಾಳ ಹಾಕೋದು ಎಂದರೆ ದಡದಲ್ಲಿ ಕೂತು ಬೆಂಡು ನೋಡೋದು. ಸಮುದ್ರದಲ್ಲಿ ನೀವು ಕೂತ ಜಾಗವೇ ಅಲುಗಾಡುತ್ತಿರುತ್ತದೆ, ಕೆಳಗೆ ಏನಿದೆ ಎಂದು ಕಾಣುವುದಿಲ್ಲ, ಕಚ್ಚಿದ್ದು ಅರ್ಧ ಕೆಜಿಯದೋ ಇಪ್ಪತ್ತು ಕೆಜಿಯದೋ ಮೊದಲ ಹತ್ತು ಸೆಕೆಂಡ್ ಗೊತ್ತಾಗುವುದಿಲ್ಲ. ಆ ಹತ್ತು ಸೆಕೆಂಡಿಗೇ ಇಷ್ಟೆಲ್ಲ.

ಮೀನು ತಿನ್ನೋ ಆಸೆಗೆ ಬರುವವರಿಗೆ ನಾನು ಬೇಡ ಎನ್ನುತ್ತೇನೆ. ಅದೇ ದುಡ್ಡಿಗೆ ಮಾರ್ಕೆಟ್ಟಿನಲ್ಲಿ ಮನೆಮಂದಿಗೆಲ್ಲ ತಿಂಗಳಿಗಾಗುವಷ್ಟು ಮೀನು ಬರುತ್ತದೆ.

ಯಾವ ತಿಂಗಳಲ್ಲಿ ಹೋಗಬೇಕು?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇದೆ. ಮೀನು ಮೊಟ್ಟೆ ಇಡುವ ಕಾಲ ಎಂಬುದು ಒಂದು ಕಾರಣ. ಆ ಮಳೆಗಾಲದ ಕಡಲನ್ನು ಒಂದು ಸಲ ದಡದಲ್ಲಿ ನಿಂತು ನೋಡಿದರೆ ಇನ್ನೊಂದು ಕಾರಣ ತಾನೇ ಗೊತ್ತಾಗುತ್ತದೆ.

ಆಗಸ್ಟ್‌ನಲ್ಲಿ ಕಡಲು ತೆರೆಯುತ್ತದೆ, ಆದರೆ ಅಲೆ ಇನ್ನೂ ಜೋರು. ಸಾಲದ್ದಕ್ಕೆ ನಮ್ಮ ಕಡೆ ಶ್ರಾವಣ. ಆರರಲ್ಲಿ ನಾಲ್ಕು ಮನೆಯಲ್ಲಿ ಆ ತಿಂಗಳು ಮೀನಿನ ಹೆಸರೂ ಎತ್ತುವ ಹಾಗಿಲ್ಲ. ದಸರಾ ನಂತರ ಹೋಗಬಹುದು. ಆದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಭಯ ಇದ್ದದ್ದೇ. 2017ರ ಕೊನೆಯಲ್ಲಿ ಓಖಿ ಬಂತು, 2019ರ ಅಕ್ಟೋಬರಿನಲ್ಲಿ ಕ್ಯಾರ್ ಬಂತು. ನಮ್ಮ ಲೆಕ್ಕದಲ್ಲಿ ಜನವರಿ, ಫೆಬ್ರವರಿ ಚಿನ್ನದಂಥ ತಿಂಗಳು. ಬೆಳಿಗ್ಗೆ ಹೊತ್ತು ಸಮುದ್ರ ನಮ್ಮ ಅಮಾನಿಕೆರೆಯ ಹಾಗೆ ಮಲಗಿರುತ್ತದೆ.

ತುಮಕೂರಿನಿಂದ ಹೋಗೋದು ಹೇಗೆ?

ನಾವು ಹೋಗೋದು ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ದಾಟಿ. ಮಲ್ಪೆಗೆ ಸುಮಾರು 350 ಕಿ.ಮೀ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟರೆ ಬೆಳಿಗ್ಗೆ ಏಳಕ್ಕೆ ಬಂದರಿನಲ್ಲಿರುತ್ತೇವೆ. ಆಗುಂಬೆಯ ಸೂರ್ಯಾಸ್ತ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾವು ಪ್ರತಿವರ್ಷ ಅಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ, ಮಂಜಿನಲ್ಲಿ, ಕಣ್ಣುಜ್ಜಿಕೊಂಡು ಟೀ ಹುಡುಕುತ್ತೇವೆ.

ಹಾಸನ, ಶಿರಾಡಿ ಮೇಲೆಯೂ ಹೋಗಬಹುದು. ಲಾರಿ ಜಾಸ್ತಿ.

ಬೋಟ್ ಹೇಗಿರುತ್ತದೆ?

ಎರಡು ಥರ. ಒಂದು, ಫೈಬರ್‌ನ ಚಿಕ್ಕ ಸ್ಪೀಡ್ ಬೋಟ್, ಹಿಂದೆ ಔಟ್‌ಬೋರ್ಡ್ ಎಂಜಿನ್. ವೇಗ ಇದೆ, ಆದರೆ ರಾತ್ರಿ ಬೆನ್ನು ಚಾಚೋಕೆ ಜಾಗ ಇರುವುದಿಲ್ಲ. ಇನ್ನೊಂದು, ಒಳಗೆ ಡೀಸೆಲ್ ಎಂಜಿನ್ ಇರುವ ದೊಡ್ಡ ಬೋಟ್. ಕ್ಯಾಬಿನ್ ಇರುತ್ತದೆ, ಐಸ್ ತುಂಬುವ ಗುಂಡಿ ಇರುತ್ತದೆ, ಮೂಲೆಯಲ್ಲಿ ಒಂದು ಗ್ಯಾಸ್ ಒಲೆ. ವೇಗ 8 ನಾಟ್, ಅಂದರೆ ಗಂಟೆಗೆ ಹದಿನೈದು ಕಿಲೋಮೀಟರಿನ ಹತ್ತಿರ. ನಮ್ಮೂರಿನ ಟ್ರ್ಯಾಕ್ಟರ್ ವೇಗ. ರಾತ್ರಿ ಉಳಿಯೋದಾದರೆ ಇದನ್ನೇ ಹಿಡಿಯಿರಿ.

ಬೋಟ್ ನಡೆಸುವವರನ್ನು ಅಲ್ಲಿ ತಂಡೇಲ ಎನ್ನುತ್ತಾರೆ. ಡ್ರೈವರ್ ಎಂದು ಕರೆಯಬೇಡಿ.

ಬೋಟ್ ಒಪ್ಪಿಕೊಳ್ಳುವ ಮುಂಚೆ ಏನು ಕೇಳಬೇಕು?

ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ನಾವು ಒಂದು ಸಲ ಮೋಸ ಹೋಗಿರುವುದರಿಂದ.

ನಮ್ಮ ಎರಡನೇ ವರ್ಷ. ಫೋನಿನಲ್ಲಿ ಎಲ್ಲಕ್ಕೂ "ಉಂಟು, ಉಂಟು" ಎಂದರು. ಲೈಫ್ ಜಾಕೆಟ್ ಉಂಟಾ? ಉಂಟು. ರೇಡಿಯೋ ಉಂಟಾ? ಉಂಟು. ಹೋಗಿ ನೋಡಿದರೆ ಆರು ಜನ ನಾವು, ಮೂರು ಜನ ಅವರು, ಜಾಕೆಟ್ ನಾಲ್ಕು. ಅದರಲ್ಲಿ ಒಂದರ ಪಟ್ಟಿ ಕಿತ್ತು ಹೋಗಿ ತಂತಿ ಕಟ್ಟಿದ್ದರು. ಅಡ್ವಾನ್ಸ್ ಹೋದರೆ ಹೋಗಲಿ ಎಂದು ಇಳಿದು ಬಂದೆವು. ಅಡ್ವಾನ್ಸ್ ಹೋಗಿಯೇ ಹೋಯಿತು. ಆ ಬೋಟಿನವರ ಹೆಸರು ಇಲ್ಲಿ ಬೇಡ.

ಅವತ್ತಿನಿಂದ ದುಡ್ಡು ಕೊಡುವ ಮುಂಚೆ ವಿಡಿಯೋ ಕಾಲ್ ಮಾಡಿ ಒಂದೊಂದನ್ನೂ ತೋರಿಸಲು ಹೇಳುತ್ತೇವೆ. ತಲೆಗೊಂದು ಲೈಫ್ ಜಾಕೆಟ್, ಇಬ್ಬರಿಗೆ ಹೆಚ್ಚುವರಿ. ಕೆಲಸ ಮಾಡುವ ವಿಎಚ್‌ಎಫ್ ರೇಡಿಯೋ. ಅದರಲ್ಲಿ 16ನೇ ಚಾನೆಲ್ ಇಡೀ ಪ್ರಪಂಚದಲ್ಲೇ ಆಪತ್ತಿನ ಕರೆಗೆ ಮೀಸಲು. ಜಿಪಿಎಸ್, ಬೆಂಕಿ ಆರಿಸುವ ಸಿಲಿಂಡರ್, ರಾತ್ರಿ ಹೊತ್ತು ಬೇರೆ ಬೋಟುಗಳಿಗೆ ಕಾಣುವ ದೀಪ. ಆಮೇಲೆ ಕಾಗದಪತ್ರ. ಮೀನುಗಾರಿಕೆಗೆ ನೋಂದಣಿಯಾಗಿರುವ ಬೋಟ್ ಎಂದ ಮಾತ್ರಕ್ಕೆ ಜನರನ್ನು ಬಾಡಿಗೆಗೆ ಕರೆದುಕೊಂಡು ಹೋಗಬಹುದು ಎಂದಲ್ಲ. ಆ ಅನುಮತಿ ಬೇರೆ, ವಿಮೆ ಬೇರೆ. ನಮ್ಮಲ್ಲಿ ವೈಟ್ ಬೋರ್ಡ್, ಯೆಲ್ಲೋ ಬೋರ್ಡ್ ಇಲ್ವಾ, ಹಾಗೆ ಅಂದುಕೊಳ್ಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಬೇರೆ ಬೋಟ್ ನೋಡಿ.

ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554. ಫೋನಿನಲ್ಲಿ ಹಾಕಿಕೊಂಡಿರಿ. ಆದರೆ ದಡ ಬಿಟ್ಟು ಒಂದು ಗಂಟೆಯಾದರೆ ಸಿಗ್ನಲ್ ಹೋಗುತ್ತದೆ, ಆಮೇಲೆ ರೇಡಿಯೋ ಒಂದೇ ಗತಿ.

ಈಜು ಬರಲ್ಲ. ಬರಬಹುದಾ?

ಬರಬಹುದು. ಜಾಕೆಟ್ ಹತ್ತಿದಾಗ ಹಾಕಿದ್ದನ್ನು ಇಳಿದಾಗ ತೆಗೆಯಬೇಕು, ಅಷ್ಟೇ. ನಮ್ಮ ಆರು ಜನರಲ್ಲಿ ಈಜು ಬರೋದು ಇಬ್ಬರಿಗೆ. ನಡುರಾತ್ರಿ ಮೂತ್ರಕ್ಕೆ ಎದ್ದು ಒಬ್ಬರೇ ಅಂಚಿಗೆ ಹೋಗೋದು ಎಲ್ಲಕ್ಕಿಂತ ಅಪಾಯ. ಪಕ್ಕದವರನ್ನು ಎಬ್ಬಿಸಿಕೊಂಡು ಹೋಗಿ. ಬೈದರೆ ಬೈಸಿಕೊಳ್ಳಿ.

ವಾಂತಿ ಆಗುತ್ತಾ?

ಮೊದಲ ಸಲ ಬರುವವರಲ್ಲಿ ಸುಮಾರು ಜನಕ್ಕೆ ಆಗುತ್ತದೆ. ನನಗೆ ಆಗಿದ್ದು ಹೇಳುತ್ತೇನೆ.

ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ದಾಟುವವರೆಗೆ ನಾನೇ ಹೀರೋ. ಬೋಟಿನ ಮೂತಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡೆ. ಒಂದು ಗಂಟೆ ಕಳೆದ ಮೇಲೆ ಗಾಳದ ಗಂಟು ಬಿಗಿಯಲು ತಲೆ ಬಗ್ಗಿಸಿ ಕೂತೆ. ಮೂಗಿಗೆ ಡೀಸೆಲ್ ಹೊಗೆ, ಪಕ್ಕದಲ್ಲಿ ಕತ್ತರಿಸಿಟ್ಟ ಬೂತಾಯಿ ಮೀನು. ಐದು ನಿಮಿಷದಲ್ಲಿ ಬಾಯಲ್ಲಿ ನೀರೂರಲು ಶುರುವಾಯಿತು. ಎದ್ದು ಓಡಿದ್ದು ಗಾಳಿ ಎದುರು ಬರುವ ಕಡೆಗೆ. ಮುಂದೆ ಏನಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ. ಹಿಂದೆ ನಿಂತಿದ್ದ ಗೆಳೆಯ ಇವತ್ತಿಗೂ ಅದನ್ನು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಾನೆ.

ಅದರಿಂದ ಕಲಿತದ್ದು ಇಷ್ಟು. ಗಂಟು, ಗಾಳ ಎಲ್ಲ ದಡದಲ್ಲೇ ಕಟ್ಟಿಕೊಳ್ಳಿ. ಬೋಟಿನ ನಡುಭಾಗದಲ್ಲಿ, ಗಾಳಿ ಬರುವ ಕಡೆ ಕೂರಿ, ಅಲ್ಲಿ ಅಲುಗಾಟ ಕಮ್ಮಿ. ಕಣ್ಣು ದೂರದಲ್ಲಿ ಕಡಲು, ಆಕಾಶ ಸೇರುವ ಗೆರೆಯ ಮೇಲಿರಲಿ. ಮೊಬೈಲ್ ಮುಟ್ಟಬೇಡಿ. ಹೊಟ್ಟೆ ಖಾಲಿ ಬಿಡಬೇಡಿ, ಎಣ್ಣೆ ತಿಂಡಿಯಿಂದ ತುಂಬಲೂಬೇಡಿ. ಮಾತ್ರೆ ಬೇಕಾದರೆ ತುಮಕೂರಿನಲ್ಲೇ ನಿಮ್ಮ ಡಾಕ್ಟರನ್ನು ಕೇಳಿ ತನ್ನಿ, ಬಿಪಿ, ಕಣ್ಣಿನ ತೊಂದರೆ ಇದ್ದರೆ ಅದನ್ನೂ ಹೇಳಿ. ಬೋಟ್ ಹತ್ತುವ ಮುಂಚೆ ತಗೋಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಆಚೆಗೇ ಬರುತ್ತದೆ. ಅವುಗಳಲ್ಲಿ ಕೆಲವಕ್ಕೆ ನಿದ್ದೆ ಬರುತ್ತದೆ, ಅದಕ್ಕೂ ಸಿದ್ಧರಿರಿ.

ಆದರೂ ವಾಂತಿಯಾದರೆ ನಾಚಿಕೆ ಬೇಡ. ಓಆರ್‌ಎಸ್ ಕುಡಿದು ಮಲಗಿ. ನಿಮಗೋಸ್ಕರ ಬೋಟ್ ವಾಪಸ್ ತಿರುಗುವುದಿಲ್ಲ ಎಂಬುದು ಮಾತ್ರ ಗೊತ್ತಿರಲಿ.

ಒಂದು ಟ್ರಿಪ್ ಹೇಗೆ ನಡೆಯುತ್ತದೆ? ಗಂಟೆ ಗಂಟೆಗೆ ಹೇಳಿ.

ಬೆಳಿಗ್ಗೆ ಮಲ್ಪೆ ತಲುಪಿ, ಬನ್ಸ್ ತಿಂದು, ರೂಮಿನಲ್ಲಿ ನಾಲ್ಕು ಗಂಟೆ ನಿದ್ದೆ. ಇದನ್ನು ಬಿಟ್ಟು ಬೀಚಿಗೆ ಓಡುವವರು ರಾತ್ರಿ ಒಂದಕ್ಕೆ ಮೀನು ಕಚ್ಚುವಾಗ ಗೊರಕೆ ಹೊಡೆಯುತ್ತಿರುತ್ತಾರೆ.

ಮಧ್ಯಾಹ್ನ ಎರಡಕ್ಕೆ ಬಂದರು. ಐಸ್ ಗಾಡಿ ಬಂದು ಪುಡಿ ಮಾಡಿದ ಐಸ್ ಗುಂಡಿಗೆ ಸುರಿಯುತ್ತದೆ. ನೀರು, ಅಕ್ಕಿ, ಮಸಾಲೆ ಏರಿಸುತ್ತಾರೆ. ಹೊರಡೋದು ತಂಡೇಲ ಹೇಳಿದಾಗ. ಹೊಳೆ ಸಮುದ್ರ ಸೇರುವ ಜಾಗ ಇದೆಯಲ್ಲ, ಅಳಿವೆ, ಅಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಒಳಗೆ ಬರುವ ಅಲೆ ಅದಕ್ಕೆ ಡಿಕ್ಕಿ ಹೊಡೆದು ಎದ್ದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ದಾಟೋದು ಒಳ್ಳೆಯದಲ್ಲ. ನೀರು ಏರಿದಾಗ ದಾಟುತ್ತಾರೆ. ಉಬ್ಬರ ದಿನಾ ಒಂದೇ ಹೊತ್ತಿಗೆ ಬರುವುದಿಲ್ಲ, ಹಾಗಾಗಿ "ಸರಿಯಾಗಿ ಎಷ್ಟು ಗಂಟೆಗೆ ಬಿಡೋದು" ಎಂದು ಕೇಳಿ ಕೇಳಿ ತಲೆ ತಿನ್ನಬೇಡಿ.

ಬಲಗಡೆ ಸೇಂಟ್ ಮೇರಿಸ್ ದ್ವೀಪ ಹಿಂದೆ ಸರಿದ ಮೇಲೆ ಬೋಟಿನ ಹಿಂದೆ ಎರಡು ಮೂರು ದಾರ ಬಿಡುತ್ತೇವೆ. ತುದಿಯಲ್ಲಿ ಮೀನಿನ ಆಕಾರದ ಪ್ಲಾಸ್ಟಿಕ್ ಆಮಿಷ. ಬೋಟ್ ಓಡುತ್ತಿರುವಾಗ ಅದು ನೀರೊಳಗೆ ಗಾಯಗೊಂಡ ಮೀನಿನ ಹಾಗೆ ನಡುಗುತ್ತಾ ಬರುತ್ತದೆ. ಅಂಜಲ್, ಕೇದರ (ಟ್ಯೂನಾ), ಬಾರಾಕುಡಾ ಮೀನುಗಳು ಹೊಡೆಯೋದು ಇದಕ್ಕೇ. ಸಂಜೆ ಐದರಿಂದ ಕತ್ತಲಾಗುವವರೆಗೆ ಒಳ್ಳೆ ಹೊತ್ತು.

ಕತ್ತಲಾದ ಮೇಲೆ ತಂಡೇಲ ತನ್ನ ಜಿಪಿಎಸ್‌ನಲ್ಲಿ ಗುರುತು ಮಾಡಿಟ್ಟ ಕಲ್ಲಿನ ಜಾಗ ಹುಡುಕಿ ಲಂಗರು ಬಿಡುತ್ತಾರೆ. ಎಂಜಿನ್ ನಿಂತಾಗ ಕಿವಿಗೆ ಮೊದಲು ಗಾಬರಿಯಾಗುತ್ತದೆ, ಅಷ್ಟು ಸದ್ದಿಲ್ಲ. ಊಟ. ಆಮೇಲೆ ತಳದ ಗಾಳ. ಬೊಂಡಾಸ್ (ಸ್ಕ್ವಿಡ್) ತುಂಡನ್ನೋ ಬಂಗುಡೆ ತುಂಡನ್ನೋ ಚುಚ್ಚಿ, ಸೀಸದ ಗುಂಡು ಕಟ್ಟಿ, ನೆಲ ಮುಟ್ಟುವವರೆಗೆ ಬಿಟ್ಟು, ಎರಡು ಸುತ್ತು ಮೇಲಕ್ಕೆತ್ತಿ ಕಾಯೋದು. ಮುರು ಮೀನು, ಸ್ನ್ಯಾಪರ್, ಕೆಲವು ಸಲ ಬೇಡದ ತೇಡೆ, ಅಂದರೆ ಕ್ಯಾಟ್‌ಫಿಶ್.

ರಾತ್ರಿ ಒಂದರಿಂದ ನಾಲ್ಕರವರೆಗೆ ಬಹುಪಾಲು ಏನೂ ಆಗುವುದಿಲ್ಲ. ಸುಳ್ಳು ಹೇಳಲ್ಲ. ಚಳಿ, ನಿದ್ದೆ, ಉಪ್ಪಿನ ಅಂಟು. ಆದರೆ ನಾನು ವರ್ಷವೆಲ್ಲ ನೆನೆಸಿಕೊಳ್ಳೋದು ಆ ಮೂರು ಗಂಟೆಯನ್ನೇ. ಚಂದ್ರ ಇಲ್ಲದ ರಾತ್ರಿ ದೀಪ ಆರಿಸಿ ನೀರು ನೋಡಿ. ನಾಕ್ಟಿಲುಕಾ ಎಂಬ ತೀರಾ ಸಣ್ಣ ಜೀವಿ ಇದ್ದರೆ, ಅಲುಗಿದ ನೀರೆಲ್ಲ ನೀಲಿಯಾಗಿ ಹೊಳೆಯುತ್ತದೆ. ಹೋದ ವರ್ಷ ದಾರ ಮೇಲೆಳೆಯುವಾಗ ಅದು ನೀರು ಸೀಳಿದ ಕಡೆಯೆಲ್ಲ ಬೆಳಕಿನ ಗೆರೆ ಎದ್ದಿತು. ವೆಲ್ಡಿಂಗ್ ಕಿಡಿಯನ್ನು ಯಾರೋ ನೀರೊಳಗೆ ನಿಧಾನವಾಗಿ ಎಳೆದ ಹಾಗೆ. ಕೆಳಗಿನಿಂದ ಒಂದು ಮೀನು ಹಾದು ಹೋಯಿತು. ಮೀನು ಕಾಣಲಿಲ್ಲ, ಅದರ ಆಕಾರದ ಬೆಳಕು ಕಂಡಿತು. ಯಾರೂ ಮಾತಾಡಲಿಲ್ಲ.

ನಸುಕಿನಲ್ಲಿ ಮತ್ತೆ ಮೀನು ಚುರುಕಾಗುತ್ತದೆ. ಏಳಕ್ಕೆ ಲಂಗರು ಎತ್ತಿ, ದಾರಿಯುದ್ದಕ್ಕೂ ದಾರ ಬಿಟ್ಟುಕೊಂಡು, ಹತ್ತರ ಹೊತ್ತಿಗೆ ಬಂದರು.

ಸಮುದ್ರ ಅಲ್ಲಿ ಎಷ್ಟು ಆಳ?

ಅಲ್ಲಿನವರು ಮಾರಿನ ಲೆಕ್ಕದಲ್ಲಿ ಹೇಳುತ್ತಾರೆ. ಎರಡೂ ಕೈ ಚಾಚಿದರೆ ಒಂದು ಮಾರು, ಸುಮಾರು ಆರು ಅಡಿ. ನಾವು ನಿಲ್ಲೋ ಕಡೆ ಇಪ್ಪತ್ತು, ಇಪ್ಪತ್ತೆರಡು ಮಾರು. ಅಂದರೆ 120ರಿಂದ 130 ಅಡಿ. ದಡದಿಂದ ಮೂರು ಗಂಟೆ ಹೋದರೂ ಇಷ್ಟೇ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಕಡಲ ತಳ ತುಂಬಾ ನಿಧಾನವಾಗಿ ಇಳಿಯುತ್ತದೆ.

ಇದನ್ನು ಕೇಳಿ ನಮ್ಮ ಪಾವಗಡದ ಗೆಳೆಯ ನಕ್ಕುಬಿಟ್ಟ. "ನಮ್ಮ ತೋಟದಲ್ಲಿ ಸಾವಿರ ಅಡಿ ಕೊರೆಸಿದೀನಿ, ಧೂಳು ಬಂತು. ಇಲ್ಲಿ ನೂರಮೂವತ್ತು ಅಡಿಗೆ ಇಷ್ಟೊಂದು ನೀರಾ" ಎಂದ.

ಟ್ರೋಲಿಂಗ್, ಟ್ರಾಲಿಂಗ್ ಎರಡೂ ಒಂದೇನಾ?

ಅಲ್ಲ, ಇದರಿಂದ ನಮಗೇ ಒಂದು ಸಲ ಗೊಂದಲವಾಗಿದೆ. ಟ್ರಾಲಿಂಗ್ ಎಂದರೆ ದೊಡ್ಡ ಬಲೆಯನ್ನು ಎಳೆದುಕೊಂಡು ಹೋಗೋದು, ಅದು ಹೊಟ್ಟೆಪಾಡಿನ ಮೀನುಗಾರಿಕೆ. ಟ್ರೋಲಿಂಗ್ ಎಂದರೆ ಓಡುವ ಬೋಟಿನ ಹಿಂದೆ ಗಾಳದ ದಾರ ಬಿಡೋದು. ಫೋನಿನಲ್ಲಿ ಹೇಳುವಾಗ "ಗಾಳ, ರಾಡು" ಎಂದು ಬಿಡಿಸಿ ಹೇಳಿ.

ಯಾವ ರಾಡು, ಯಾವ ರೀಲು? ನನ್ನ ಕೆರೆ ರಾಡು ಆಗುತ್ತಾ?

ಆಗಲ್ಲ. ಬಂಗುಡೆ ಹಿಡಿಯಲು ಪರವಾಗಿಲ್ಲ, ಆದರೆ ದೊಡ್ಡದು ಕಚ್ಚಿದರೆ ಕಡ್ಡಿ ಮುರಿದ ಹಾಗೆ ಮುರಿಯುತ್ತದೆ. ಮೊದಲ ವರ್ಷ ಬೋಟಿನವರದ್ದೇ ಬಾಡಿಗೆಗೆ ತಗೊಳ್ಳಿ. ಇಷ್ಟವಾದರೆ ಆಮೇಲೆ ಕೊಳ್ಳಿ. ಉಪ್ಪುನೀರಿಗೆ ತಡೆಯುವ ದೊಡ್ಡ ಸ್ಪಿನ್ನಿಂಗ್ ರೀಲ್, ಅದರ ತುಂಬ 50 ಪೌಂಡಿನ ಹೆಣೆದ ದಾರ ಸಾಕು. ದಾರದ ತುದಿಗೆ ಎರಡು ಮೀಟರ್ ದಪ್ಪ ನೈಲಾನ್ ಕಟ್ಟಬೇಕು, ಕಲ್ಲಿಗೆ ಉಜ್ಜಿದರೆ ಹೆಣೆದ ದಾರ ಬೇಗ ಕಡಿಯುತ್ತದೆ. ಅಂಜಲ್ ಇರುವ ಕಡೆ ಅದರ ಮುಂದೆ ಒಂದು ಗೇಣು ಸ್ಟೀಲ್ ವೈರ್. ಅಂಜಲಿನ ಹಲ್ಲು ಬ್ಲೇಡು.

ಎಲ್ಲಕ್ಕಿಂತ ಮುಖ್ಯ ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ರೀಲ್ ತಾನೇ ದಾರ ಬಿಟ್ಟುಕೊಡುವ ಬಿಗಿ ಅದು. ದಾರ ತಡೆಯುವ ಭಾರದ ಮೂರನೇ ಒಂದು ಭಾಗಕ್ಕೆ ಇಡಬೇಕು. 50 ಪೌಂಡ್ ಎಂದರೆ 22 ಕೆಜಿ ಚಿಲ್ಲರೆ, ಹಾಗಾದರೆ ಏಳು ಕೆಜಿ. ಇದನ್ನು ಕೈ ಅಂದಾಜಿಗೆ ಬಿಡಬೇಡಿ. ಗೆಳೆಯನ ಹುಣಸೆ ಮಂಡಿಯಿಂದ ಸ್ಪ್ರಿಂಗ್ ತಕ್ಕಡಿ ತಂದು, ದಾರ ಅದಕ್ಕೆ ಕಟ್ಟಿ, ಎಳೆದು ನೋಡಿ ಬಿಗಿ ಮಾಡಿಕೊಳ್ಳುತ್ತೇವೆ. ಏಳು ಕೆಜಿ ಎಂದರೆ ಅಷ್ಟೇನಾ ಅನ್ನಿಸುತ್ತದೆ. ರಾಡು ಬಗ್ಗಿಸಿ ಹತ್ತು ನಿಮಿಷ ಹಿಡಿದು ನೋಡಿ, ಸೊಂಟ ಹೇಳುತ್ತದೆ.

ನನ್ನ ಮೊದಲ ರಾಡು ಈಗ ಮಲ್ಪೆಯ ಆಚೆ ತಳದಲ್ಲಿದೆ. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಅಂಚಿಗೆ ಒರಗಿಸಿ, ಟೀ ಕುಡಿಯೋಕೆ ತಿರುಗಿದ್ದೆ. ಟಪ್ ಎಂದು ಒಂದು ಸದ್ದು. ತಿರುಗಿ ನೋಡುವಷ್ಟರಲ್ಲಿ ರಾಡಿನ ಹಿಡಿ ನೀರಿಗೆ ಇಳಿಯುತ್ತಿತ್ತು. ತಂಡೇಲ ನೋಡಿ, "ಮೀನು ನಿಮ್ಮನ್ನು ಹಿಡಿಯಿತಲ್ಲ ಮಾರಾಯ್ರೆ" ಎಂದರು.

ಊರಲ್ಲೇ ಅಭ್ಯಾಸ ಮಾಡಬಹುದಾ?

ಮಾಡಲೇಬೇಕು. ಜೂನಿಯರ್ ಕಾಲೇಜ್ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ, ಗಾಳ ಇಲ್ಲದೆ ಬರೀ 80 ಗ್ರಾಂ ಗುಂಡು ಕಟ್ಟಿ ಬೀಸಿ. ವಾಕಿಂಗ್ ಬಂದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಕೆರೆಗೆ ಹೋಗೋದಾದರೆ ಮೀನು ಹರಾಜು ಹಿಡಿದವರನ್ನು ಕೇಳಿಯೇ ಹೋಗಿ.

ರಾತ್ರಿ ದೊಡ್ಡ ಲೈಟ್ ಹಾಕಿದರೆ ಮೀನು ಬರುತ್ತಲ್ವಾ?

ಬರುತ್ತದೆ, ಅದಕ್ಕೇ ನಿಷೇಧ. ಜನರೇಟರ್ ಇಟ್ಟು ಎಲ್‌ಇಡಿ ಬೆಳಕಿನಲ್ಲಿ ಮೀನು ಸೆಳೆದು ಹಿಡಿಯೋದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಲ್ಲಿಸಿದೆ. ಮರಿಗಳನ್ನೂ ಸೇರಿಸಿ ಬಳಿದುಕೊಂಡು ಬರುತ್ತದೆ ಎಂದು ನಾಡದೋಣಿಯವರು ಇದಕ್ಕೆ ಜಗಳವನ್ನೇ ಮಾಡಿದ್ದಾರೆ. ಬೋಟಿನ ಮಾಮೂಲಿ ದೀಪ ಸಾಕು.

ತಿಮಿಂಗಿಲ, ಶಾರ್ಕ್ ಸಿಗುತ್ತಾ?

ಸಣ್ಣ ತಾಟೆ, ಅಂದರೆ ಶಾರ್ಕ್, ಒಮ್ಮೊಮ್ಮೆ ಕಚ್ಚುತ್ತದೆ. ತಿಮಿಂಗಿಲ ಸೊರ (ವೇಲ್ ಶಾರ್ಕ್), ಕಡಲಾಮೆ, ಡಾಲ್ಫಿನ್, ಗರಗಸ ಮೀನು ಇವೆಲ್ಲ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿದರೆ ಕೇಸು. ಇನ್ನೂ ಕೆಲವು ಜಾತಿಯ ಶಾರ್ಕ್, ತೊರಕೆ (ರೇ ಮೀನು) ಆ ಪಟ್ಟಿಯಲ್ಲಿವೆ. ಗುರುತು ಹಿಡಿಯಲು ನಮಗೆ ಬರುವುದಿಲ್ಲವಾದ್ದರಿಂದ ನಮ್ಮ ನಿಯಮ ಸುಲಭ: ಶಾರ್ಕ್, ತೊರಕೆ ಯಾವುದೇ ಬಂದರೂ ಬೋಟಿಗೆ ಎತ್ತದೆ, ನೀರಿನ ಹತ್ತಿರವೇ ದಾರ ಕತ್ತರಿಸಿ ಬಿಡೋದು.

ಹಿಡಿದ ಮೀನನ್ನು ವಾಪಸ್ ಬಿಡುತ್ತೀರಾ?

ಸಣ್ಣದನ್ನು ಬಿಡುತ್ತೇವೆ. ಆದರೆ ಇದರಲ್ಲೊಂದು ಸೂಕ್ಷ್ಮ ಇದೆ. ಇಪ್ಪತ್ತು ಮಾರು ಆಳದ ಮುರು ಮೀನನ್ನು ಸರಸರ ಮೇಲೆಳೆದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲ ಬಲೂನಿನ ಹಾಗೆ ಊದಿಕೊಳ್ಳುತ್ತದೆ. ಕಣ್ಣು ಹೊರಗೆ ಬಂದಿರುತ್ತದೆ, ಕೆಲವು ಸಲ ಹೊಟ್ಟೆಯೇ ಬಾಯಿಗೆ ಬಂದಿರುತ್ತದೆ. ಅದನ್ನು ಬಿಟ್ಟರೆ ಕೆಳಗೆ ಹೋಗಲಾರದೆ ಮೇಲೇ ತೇಲಿ ಸಾಯುತ್ತದೆ. ಬಿಟ್ಟೆವು ಎಂಬ ಸಮಾಧಾನ ನಮಗೆ, ಅಷ್ಟೇ. ಹಾಗಾಗಿ ತಳದ ಗಾಳದಲ್ಲಿ ತಿನ್ನುವಷ್ಟು ಸಿಕ್ಕಿದ ಮೇಲೆ ನಿಲ್ಲಿಸುತ್ತೇವೆ. ಮೇಲ್ನೀರಿನ ಕೊಕ್ಕರ್, ಕೇದರ ಹಾಗಲ್ಲ, ಬೇಗ ಬಿಟ್ಟರೆ ಬಾಣದ ಹಾಗೆ ಹೋಗುತ್ತವೆ.

ಸರ್ಕಲ್ ಹುಕ್, ಅಂದರೆ ತುದಿ ಒಳಕ್ಕೆ ಬಾಗಿದ ಗಾಳ, ಬಳಸಿ. ಗಂಟಲಿಗೆ ಹೋಗದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಕಚ್ಚಿದ ತಕ್ಷಣ ಕೆರೆಯಲ್ಲಿ ಎಳೆದ ಹಾಗೆ ಜಗ್ಗಬೇಡಿ, ಸುಮ್ನೆ ರೀಲ್ ತಿರುಗಿಸಿ.

ಮುಳ್ಳು ಚುಚ್ಚಿದರೆ?

ತೇಡೆಯ ಮುಳ್ಳು, ತೊರಕೆಯ ಬಾಲ ಭಾರಿ ಉರಿ. ಚುಚ್ಚಿದ ಜಾಗವನ್ನು ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗೂ ಜಾಸ್ತಿ ಇಟ್ಟರೆ ನೋವು ಇಳಿಯುತ್ತದೆ. ಸುಟ್ಟುಕೊಳ್ಳಬೇಡಿ. ದಡಕ್ಕೆ ಬಂದ ಮೇಲೆ ಡಾಕ್ಟರ್, ಟಿಟಿ ಇಂಜೆಕ್ಷನ್. ಊದಿಕೊಳ್ಳುವ ಬಲೂನು ಮೀನು ಬಂದರೆ ತಿನ್ನಲೇಬೇಡಿ, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಎಣ್ಣೆ ಹಾಕಬಹುದಾ?

ಇಲ್ಲ. ದಡಕ್ಕೆ ಬಂದ ಮೇಲೆ ನಿಮ್ಮಿಷ್ಟ.

ಊಟ ಏನು?

ಬೋಟಿನ ಹುಡುಗರು ಕುಚ್ಚಲಕ್ಕಿ ಅನ್ನ, ಹೊಸ ಮೀನಿನ ಸಾರು ಮಾಡುತ್ತಾರೆ. ಹತ್ತು ನಿಮಿಷ ಹಿಂದೆ ಈಜುತ್ತಿದ್ದ ಮೀನು. ಇದರ ಮೇಲೆ ನಾನೇನೂ ಹೇಳುವುದಿಲ್ಲ.

ನಾವು ಎರಡು ಕೆಜಿ ರಾಗಿಹಿಟ್ಟು, ಒಂದು ಮುದ್ದೆಕೋಲು ಒಯ್ಯುತ್ತೇವೆ. ಅಲುಗುವ ಬೋಟಿನಲ್ಲಿ ಪಾತ್ರೆಯನ್ನು ಇಬ್ಬರು ಕಾಲಲ್ಲಿ ಒತ್ತಿ ಹಿಡಿದುಕೊಳ್ಳಬೇಕು, ಮೂರನೆಯವನು ತಿರುವಬೇಕು. ಮೊದಲ ಸಲ ತಂಡೇಲ ಮುದ್ದೆಯನ್ನು ಅನ್ನದ ಹಾಗೆ ಅಗಿಯೋಕೆ ಹೋದರು. "ಅಗೀಬೇಡಿ ಅಣ್ಣ, ನುಂಗಿ" ಎಂದೆವು. "ಇದೆಂತ ಮಾತ್ರೆಯಾ?" ಎಂದು ಕೇಳಿದರು. ಈಗ ಅವರೇ ಫೋನ್ ಮಾಡಿ ರಾಗಿಹಿಟ್ಟು ನೆನಪು ಮಾಡುತ್ತಾರೆ. ಜೊತೆಗೆ ತಿಪಟೂರಿನ ಕೊಬ್ಬರಿಯನ್ನೂ ಒಯ್ಯುತ್ತೇವೆ. ತೆಂಗಿನ ನಾಡಿಗೇ ಕೊಬ್ಬರಿ ಒಯ್ಯೋದಾ ಎಂದು ನಗಬೇಡಿ, ಅವರು ಅದನ್ನು ಮನೆಗೆ ಕಟ್ಟಿಕೊಂಡು ಹೋಗುತ್ತಾರೆ.

ಹೆಂಗಸರು ಬರಬಹುದಾ?

ಬರಬಹುದು, ಬಂದಿದ್ದಾರೆ. ಬಾಗಿಲಿರುವ ಶೌಚಾಲಯ ಇರುವ ಬೋಟನ್ನೇ ಕೇಳಿ ಹಿಡಿಯಿರಿ, ಎಲ್ಲದರಲ್ಲೂ ಇರುವುದಿಲ್ಲ. ನಮ್ಮ ಗುಂಪಿನ ಅತಿ ದೊಡ್ಡ ಅಂಜಲ್, ಆರೂವರೆ ಕೆಜಿಯದು, ಹಿಡಿದದ್ದು ಗೆಳೆಯನ ಹೆಂಡತಿ. ಅವನು ಮಲಗಿದ್ದ.

ಖರ್ಚು ಎಷ್ಟು?

ಹೋದ ವರ್ಷ ತಲೆಗೆ 9,000ದ ಹತ್ತಿರ ಬಂತು, ತುಮಕೂರಿನಿಂದ ತುಮಕೂರಿಗೆ. ದೊಡ್ಡ ಪಾಲು ಡೀಸೆಲ್. ಹಾಗಾಗಿ ಇನ್ನೂ ದೂರ ಹೋಗೋಣ ಎಂದರೆ ಬಾಡಿಗೆಯೂ ಏರುತ್ತದೆ. ಡೀಸೆಲ್, ಐಸ್, ಆಮಿಷ, ಊಟ ಬಾಡಿಗೆಯೊಳಗೇ ಸೇರಿದೆಯಾ ಎಂದು ಮೊದಲೇ ಕೇಳಿ. ಬೋಟಿನ ಹುಡುಗರಿಗೆ ಕೊನೆಯಲ್ಲಿ ಕೈಗೆ ಏನಾದರೂ ಕೊಡಿ, ರಾತ್ರಿ ಪೂರ್ತಿ ನಿಮ್ಮ ಸಿಕ್ಕು ಬಿಡಿಸಿದವರು ಅವರು.

ಅಲ್ಲಿ ಹೋದ ಮೇಲೆ ಹವಾಮಾನ ಕೆಟ್ಟರೆ?

ತಂಡೇಲ ಬೇಡ ಎಂದರೆ ಬೇಡ. ನಾವು ಹೊರಡುವ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ, ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಕೊಡುವ ಅಲೆಯ ಎತ್ತರದ ಮಾಹಿತಿ ಎರಡನ್ನೂ ನೋಡುತ್ತೇವೆ. ಅದೇ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ, ಹಸಿರು ಪಾಚಿಯ ಪ್ರಮಾಣ ನೋಡಿ ಮೀನು ಎಲ್ಲಿ ಇರಬಹುದು ಎಂದೂ ಹೇಳುತ್ತದೆ. ಇಷ್ಟೆಲ್ಲ ನೋಡಿಕೊಂಡು ಹೋಗಿಯೂ ಒಂದು ಸಲ ಬಂದರಿನಲ್ಲಿ ನಿಂತು, "ಗಾಳಿ ಸರಿ ಇಲ್ಲ, ನಾಳೆ ನೋಡುವ" ಎಂದುಬಿಟ್ಟರು. ಆಕಾಶ ತಿಳಿಯಾಗಿತ್ತು. ನಮ್ಮಲ್ಲೊಬ್ಬ ವಾದ ಮಾಡಿದ, ನಾಚಿಕೆಯಾಗುವಷ್ಟು. ರಾತ್ರಿ ಹನ್ನೊಂದಕ್ಕೆ ರೂಮಿನ ಕಿಟಕಿ ಬಡಿದುಕೊಳ್ಳಲು ಶುರುವಾಗಿದ್ದು ಬೆಳಗಿನವರೆಗೆ ನಿಲ್ಲಲಿಲ್ಲ. ಬೆಳಿಗ್ಗೆ ಅವನೇ ಹೋಗಿ ತಂಡೇಲರಿಗೆ ಟೀ ಕೊಡಿಸಿದ.

ಟ್ರಿಪ್ ನಿಂತರೆ ದುಡ್ಡು ವಾಪಸ್ಸೋ, ಬೇರೆ ದಿನವೋ ಎಂಬುದನ್ನು ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.

ಏನೇನು ತರಬೇಕು?

ಅಸಲಿ ಆಧಾರ್ ಕಾರ್ಡ್, ಸಮುದ್ರದಲ್ಲೂ ತಪಾಸಣೆ ಇರುತ್ತದೆ. ತುಂಬುತೋಳಿನ ಅಂಗಿ, ಟೋಪಿ, ಸ್ವೆಟರ್, ತಲೆಗೆ ಕಟ್ಟುವ ಟಾರ್ಚ್, ಕೈಗವಸು, ನಿಮ್ಮ ಮಾಮೂಲಿ ಮಾತ್ರೆಗಳು. ಬಾಳೆಹಣ್ಣು. ಚಪ್ಪಲಿಯನ್ನು ನಮ್ಮ ತಂಡೇಲ ಹತ್ತುವಾಗಲೇ ಬಿಡಿಸುತ್ತಾರೆ. ಅವರಿಗೆ ಅದು ಭಕ್ತಿ, ನಮಗೆ ಜಾರದಿರುವ ಉಪಾಯ.

ಮೀನು ತುಮಕೂರಿಗೆ ಕೆಡದೆ ಬರುತ್ತಾ?

ಬರುತ್ತದೆ, ಆದರೆ ಕೆಲಸ ಬೋಟಿನಲ್ಲೇ ಶುರುವಾಗಬೇಕು. ಹಿಡಿದ ಕೂಡಲೇ ರಕ್ತ ಬಸಿದು, ಕರುಳು ತೆಗೆದು, ಐಸಿನೊಳಗೆ ಹೂಳಬೇಕು. ಬಂಗುಡೆ, ಕೇದರದಂಥ ಮೀನನ್ನು ಬಿಸಿಲಲ್ಲಿ ಬಿಟ್ಟರೆ ಹಿಸ್ಟಮಿನ್ ಎಂಬ ಪದಾರ್ಥ ಕಟ್ಟುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು. ವಾಸನೆಯಿಂದಲೂ ಗೊತ್ತಾಗದೆ ಹೋಗಬಹುದು.

ದಾರಿಗೆ ಥರ್ಮಾಕೋಲ್ ಪೆಟ್ಟಿಗೆ. ಎಷ್ಟು ಮೀನೋ ಅಷ್ಟೇ ಐಸ್, ಒಂದು ಪದರ ಅದು, ಒಂದು ಪದರ ಇದು. ಕೆಳಗೆ ಸಣ್ಣ ತೂತು ಮಾಡಿ ಒಂದು ಟ್ರೇ ಇಡಿ, ಕರಗಿದ ನೀರಲ್ಲಿ ಮೀನು ನೆನೆಯಬಾರದು. ಟ್ರೇ ಇಡೋದು ಮರೆತ ವರ್ಷ ಗೆಳೆಯನ ಕಾರು ಯುಗಾದಿವರೆಗೂ ವಾಸನೆ ಹೊಡೆಯಿತು. ಶಿವಮೊಗ್ಗದಲ್ಲಿ ನಿಲ್ಲಿಸಿ ಹೊಸ ಐಸ್ ಹಾಕಿಸುತ್ತೇವೆ.

ಏನೂ ಸಿಗದೆ ಬಂದದ್ದಿದೆಯಾ?

ಇದೆ. ಒಂದು ವರ್ಷ ಆರು ಜನಕ್ಕೆ ಸೇರಿ ಸಿಕ್ಕಿದ್ದು ಹನ್ನೊಂದು ಬಂಗುಡೆ, ಒಂದು ತೇಡೆ. ಬಂದರಿನಲ್ಲಿ ಅಂಜಲ್ ಕೊಂಡು ಮನೆಗೆ ತಂದೆವು. ಕೊಂಡದ್ದು ಎಂದು ಮನೆಯಲ್ಲಿ ಇಬ್ಬರು ಮಾತ್ರ ಒಪ್ಪಿಕೊಂಡರು.

ಮುಂದಿನ ಟ್ರಿಪ್ ಯಾವಾಗ? ನಾನೂ ಬರಬಹುದಾ?

ಸಂಕ್ರಾಂತಿ ಆದ ಮೇಲೆ, ಅಮಾವಾಸ್ಯೆಗೆ ಹತ್ತಿರದ ಶನಿವಾರ. ಜಾಗ ಆರು, ನಾಲ್ಕು ತುಂಬಿದೆ. ಬರುವವರು ಡಿಸೆಂಬರ್ ಕೊನೆಯೊಳಗೆ ಅಂಗಡಿಗೆ ಬಂದು ಹೇಳಿ. ಬರುವಾಗ ಎದೆಯ ಅಳತೆ ತನ್ನಿ, ಲೈಫ್ ಜಾಕೆಟ್ಟಿಗೆ ಬೇಕು. ಸಂಜೆ ಆರರ ಮೇಲೆ ಬಂದರೆ ಒಳ್ಳೆಯದು, ಅಷ್ಟು ಹೊತ್ತಿಗೆ ವಾರ್ನಿಷ್ ವಾಸನೆ ಕಮ್ಮಿಯಾಗಿರುತ್ತದೆ.